ಕಿವಿ ಸರಿಯಿದೆ, ಆದರೂ ಕೇಳಿಸುವುದಿಲ್ಲ

ಕಾಲಿಗೆ ಚಕ್ರ ಕಟ್ಟಿಕೊಂಡವನಂತೆ ತಿರುಗುವ ಹುಡುಗನಿಗೆ ಮಂಡ್ಯ ಸೀಮೆಯ ಅಜ್ಜಿಯರು ದೃಷ್ಟಿ ತೆಗೆದು, ಬೆಳೆದಂತೆ ಸರಿಹೋಗುತ್ತಾನೆ ಎಂದು ಸುಮ್ಮನಾಗುತ್ತಿದ್ದರು. ಅಂಥ ಮಕ್ಕಳನ್ನು 1902ರಲ್ಲಿ ಲಂಡನ್ನಿನ ವೈದ್ಯ ಜಾರ್ಜ್ ಸ್ಟಿಲ್ ನೈತಿಕ ನಿಯಂತ್ರಣ ಸಾಲದವರೆಂದು ಬಣ್ಣಿಸಿದರು. 1937ರಲ್ಲಿ ಅಮೆರಿಕದ ಚಾರ್ಲ್ಸ್ ಬ್ರ್ಯಾಡ್ಲಿ ಉತ್ತೇಜಕ ಔಷಧ ಕೊಟ್ಟಾಗ ಕೆಲವು ಮಕ್ಕಳು ಪಾಠದಲ್ಲಿ ತೊಡಗಿದ್ದನ್ನು ಕಂಡರು. 1980ರಲ್ಲಿ ‘ಗಮನ ಕೊರತೆ’ ಎಂಬ ಹೆಸರು ಬಂದು, 1987ರಲ್ಲಿ ಅದು ಎಡಿಎಚ್‌ಡಿ, ಅಂದರೆ ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ, ಆಯಿತು.

ಮೈಸೂರಿನಲ್ಲಿ ಈ ತೊಂದರೆಗೆ ಕಿವಿಯೇ ಒಂದು ಬಾಗಿಲು. ಕರೆದರೆ ತಿರುಗಿ ನೋಡದ ಮಗುವಿಗೆ ಕಿವುಡಿರಬಹುದೆಂದು ಹೆದರಿದ ತಂದೆತಾಯಿ, ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಆರಂಭವಾದ ವಾಕ್ ಶ್ರವಣ ಸಂಸ್ಥೆಗೆ ಬರುತ್ತಾರೆ. ಶ್ರವಣ ಪರೀಕ್ಷೆಯಲ್ಲಿ ಏನೂ ದೋಷ ಕಾಣದಿದ್ದಾಗ ಮಗುವನ್ನು ಮನಶ್ಶಾಸ್ತ್ರಜ್ಞರ ಕೋಣೆಗೆ ಕಳಿಸುತ್ತಾರೆ. ಅಲ್ಲಿ ಕೇಳುವ ಪ್ರಶ್ನೆಗಳು ಕಿವಿಯದ್ದಲ್ಲ: ಲಕ್ಷಣಗಳು ಆರು ತಿಂಗಳಿಂದ ಇವೆಯೇ, ಮನೆಯಲ್ಲೂ ಶಾಲೆಯಲ್ಲೂ ಕಾಣುತ್ತವೆಯೇ, ಹನ್ನೆರಡು ವರ್ಷದೊಳಗೇ ಶುರುವಾದವೇ? 2013ರವರೆಗೆ ಈ ಮಿತಿ ಏಳು ವರ್ಷವಾಗಿದ್ದುದರಿಂದ, ಗದ್ದಲ ಮಾಡದೆ ಕಿಟಕಿಯಾಚೆ ನೋಡುತ್ತ ಕೂರುವ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಲೆಕ್ಕಕ್ಕೆ ಸಿಗುವುದು ಇನ್ನಷ್ಟು ಕಷ್ಟವಿತ್ತು.

ಶಾಲೆಯಲ್ಲಿ ಲಕ್ಷಣಗಳು ಕಾಣುತ್ತವೆಯೇ ಎಂಬುದಕ್ಕೆ ಉತ್ತರ ಬರೆಯಬೇಕಾದವರು ಶಿಕ್ಷಕರು. ಇಲ್ಲಿ ನಮ್ಮ ಜಿಲ್ಲೆಯದೇ ಒಂದು ಸಂಗತಿ ಅಡ್ಡ ಬರುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾಗಿ ಆಮೇಲೆ ರಾಜ್ಯಕ್ಕೆ ಹರಡಿದ, ಚಿಕ್ಕ ತರಗತಿಗಳ ‘ನಲಿ ಕಲಿ’ ಎಂಬ ಚಟುವಟಿಕೆಯ ಕಲಿಕೆಯಲ್ಲಿ ಮಕ್ಕಳು ಸಾಲಾಗಿ ಕೂರುವುದಿಲ್ಲ. ‘ತಟ್ಟೆ’ ಎಂದು ಕರೆಯುವ ಒಂದು ಗುಂಪಿನಿಂದ ಇನ್ನೊಂದಕ್ಕೆ ಎದ್ದು ಹೋಗುತ್ತಾರೆ, ಕಾರ್ಡು ತರುತ್ತಾರೆ, ಕಲಿಕಾ ಏಣಿಯನ್ನು ತಮ್ಮ ವೇಗದಲ್ಲಿ ಹತ್ತುತ್ತಾರೆ. ಓಡಾಟವೇ ಪಾಠದ ಭಾಗವಾದ ಆ ಕೋಣೆಯಲ್ಲಿ ಚಡಪಡಿಸುವ ಮಗು ಎದ್ದು ಕಾಣುವುದಿಲ್ಲ. ನಾಲ್ಕನೆಯ ತರಗತಿಯಲ್ಲಿ ಬೆಂಚು, ಕಪ್ಪುಹಲಗೆ, ನಲವತ್ತು ನಿಮಿಷದ ಪಾಠ ಬಂದೊಡನೆ ಅದೇ ಮಗುವಿನ ನೋಟ್‌ಬುಕ್ಕಿನಲ್ಲಿ ವಾಕ್ಯಗಳು ಅರ್ಧಕ್ಕೇ ನಿಲ್ಲುತ್ತವೆ, ಪೆನ್ಸಿಲ್ಲಿನ ತುದಿ ಹಲ್ಲಿನ ಗುರುತಿನಿಂದ ತುಂಬುತ್ತದೆ, ‘ಇವನಿಗೆ ಮೈಮೇಲೆ ಗಮನವಿಲ್ಲ’ ಎಂಬ ದೂರು ಮನೆಗೆ ಬರುತ್ತದೆ. ಮಗು ಬದಲಾಗಿಲ್ಲ, ಕೋಣೆ ಬದಲಾಗಿದೆ. ಹಾಗೆಂದು ತೊಂದರೆಯೇ ಇಲ್ಲವೆನ್ನುವುದೂ ತಪ್ಪು. ರಸ್ತೆ ದಾಟುವಾಗಲೂ ಊಟಕ್ಕೆ ಕೂತಾಗಲೂ ಅದು ಜೊತೆಗೇ ಇರುತ್ತದೆ.

ಸರ್ಕಾರದ ದಾಖಲೆಗಳಲ್ಲಿ ಇದರ ಸ್ಥಾನ ವಿಚಿತ್ರ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ತಪಾಸಣೆ ಮಾಡಬೇಕಾದ 30 ತೊಂದರೆಗಳ ಪಟ್ಟಿಯಲ್ಲಿ ಇದನ್ನು ಸೇರಿಸಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ ಪ್ರತ್ಯೇಕವಾಗಿಲ್ಲ. ಹುಡುಕುವುದಕ್ಕೆ ಒಂದು ಪಟ್ಟಿ, ಸೌಲಭ್ಯಕ್ಕೆ ಮತ್ತೊಂದು.

ಆರು ವರ್ಷದೊಳಗಿನವರಿಗೆ ಮೊದಲ ಚಿಕಿತ್ಸೆ ತಂದೆತಾಯಿಗೆ ಕೊಡುವ ತರಬೇತಿ: ಒಂದು ಸಲಕ್ಕೆ ಒಂದೇ ಸೂಚನೆ, ಮಾಡಿದ ಕೂಡಲೇ ಮೆಚ್ಚುಗೆ. ದೊಡ್ಡ ಮಕ್ಕಳಿಗೆ ಅದರೊಂದಿಗೆ ಮೀಥೈಲ್‌ಫೆನಿಡೇಟ್ ಎಂಬ ಉತ್ತೇಜಕ ಔಷಧ ಬರೆದುಕೊಡಬಹುದು. ಮಾದಕ ವಸ್ತುಗಳ ಕಾಯ್ದೆಯ ವ್ಯಾಪ್ತಿಯಲ್ಲಿರುವ ಈ ಮಾತ್ರೆ ಎಲ್ಲ ಅಂಗಡಿಗಳಲ್ಲಿ ಸಿಗದು. ಹಸಿವು, ನಿದ್ದೆ ಎರಡನ್ನೂ ಕಡಿಮೆ ಮಾಡಬಹುದಾದ್ದರಿಂದ ತೂಕವನ್ನೂ ನೋಡುತ್ತಿರಬೇಕು. ಸಾಧಾರಣ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ. ಬೆಳಿಗ್ಗೆ ಒಂಬತ್ತಕ್ಕೆ ನುಂಗಿದ್ದು ಬಿಸಿಯೂಟದ ಹೊತ್ತಿಗೆ ಇಳಿದಿರುತ್ತದೆ. ಮಧ್ಯಾಹ್ನದ ಗಣಿತದ ಅವಧಿಯಲ್ಲಿ ಆ ಮಗುವಿಗೆ ಉಳಿಯುವುದು ಮೇಷ್ಟರ ತಾಳ್ಮೆಯೊಂದೇ, ಮತ್ತು ಆ ತಾಳ್ಮೆ ಏಕೆ ಬೇಕೆಂದು ಮೇಷ್ಟರಿಗೆ ಯಾರೂ ಹೇಳಿರುವುದಿಲ್ಲ.