ಜನ ಕೂರುವ ಕಡೆ ಎತ್ತರ, ಬಲಿಪೀಠದ ಕಡೆ ತಗ್ಗು: ಇಂಗ್ಲೆಂಡಿನ ಹಳ್ಳಿ ಚರ್ಚ್ ಹೀಗ್ಯಾಕೆ?

ಪ್ರಶ್ನೆ: ಇಂಗ್ಲೆಂಡಿನ ಹಳ್ಳಿಗಳಲ್ಲಿ ಮೂರ್ನಾಲ್ಕು ಹಳೇ ಚರ್ಚ್ ನೋಡಿದೆ. ಜನ ಕೂರುವ ಜಾಗ ದೊಡ್ಡದಾಗಿ, ಎತ್ತರವಾಗಿ, ಬೆಳಕಾಗಿ ಇರುತ್ತದೆ. ಬಲಿಪೀಠ ಇರುವ ಕಡೆ ಮಾತ್ರ ತಗ್ಗು, ಕಿಟಕಿಯೂ ಬೇರೆ ಥರ. ದೇವರ ಜಾಗವೇ ಜಾಸ್ತಿ ಚೆನ್ನಾಗಿರಬೇಕಲ್ವಾ?

ಉತ್ತರ: ಇರಬೇಕಿತ್ತು. ಆದರೆ ದುಡ್ಡು ಹಾಕಿದವರು ಬೇರೆ ಬೇರೆ. ನೀವು ನೋಡಿದ್ದು ಒಂದು ಚರ್ಚ್ ಅಲ್ಲ, ಬೆನ್ನಿಗೆ ಬೆನ್ನು ಹಚ್ಚಿ ನಿಂತ ಎರಡು ಕಟ್ಟಡ ಅಂದುಕೊಳ್ಳಿ.

ಜನ ಸೇರುವ ಪಶ್ಚಿಮದ ಭಾಗಕ್ಕೆ ನೇವ್ ಅನ್ನುತ್ತಾರೆ. ಬಲಿಪೀಠ ಇರುವ ಪೂರ್ವದ ಭಾಗ ಚಾನ್ಸೆಲ್. 13ನೇ ಶತಮಾನದ ಹೊತ್ತಿಗೆ ಇಂಗ್ಲೆಂಡಿನಲ್ಲಿ ಒಂದು ಪದ್ಧತಿ ಗಟ್ಟಿಯಾಗಿತ್ತು: ನೇವ್ ರಿಪೇರಿ ಊರವರದ್ದು, ಚಾನ್ಸೆಲ್ ರಿಪೇರಿ ರೆಕ್ಟರ್‌ದು. ರೆಕ್ಟರ್ ಅಂದರೆ ಊರಿನ ಬೆಳೆಯಲ್ಲಿ ಹತ್ತರಲ್ಲೊಂದು ಪಾಲು, ಅಂದರೆ ದಶಮಾಂಶ, ಪಡೆಯುವ ಹಕ್ಕಿದ್ದ ಪಾದ್ರಿ. ಪಾಲು ತಿನ್ನುವವನು ಮಾಡನ್ನು, ಅಂದರೆ ಚಾವಣಿಯನ್ನು, ನೋಡಿಕೊಳ್ಳಲಿ ಅನ್ನೋದು ನ್ಯಾಯವಾದ ಲೆಕ್ಕವೇ.

ಸಮಸ್ಯೆ ಎಲ್ಲಿ ಬಂತು ಅಂದರೆ, ಎಷ್ಟೋ ಊರುಗಳಲ್ಲಿ ಆ ರೆಕ್ಟರ್ ಊರಲ್ಲಿ ಇರಲೇ ಇಲ್ಲ. ದೂರದ ಯಾವುದೋ ಸನ್ಯಾಸಿಗಳ ಮಠವೇ ರೆಕ್ಟರ್ ಆಗಿ, ಧಾನ್ಯ, ಹುಲ್ಲಿನಂಥ ದೊಡ್ಡ ಪಾಲನ್ನು ತಾನೇ ಇಟ್ಟುಕೊಂಡು, ಕೋಳಿ, ಮೊಟ್ಟೆಯಂಥ ಚಿಲ್ಲರೆ ಪಾಲು ಕೊಟ್ಟು ಒಬ್ಬ ವಿಕರನನ್ನು, ಅಂದರೆ ತನ್ನ ಬದಲಿಗೆ ಕೆಲಸ ಮಾಡುವ ಪಾದ್ರಿಯನ್ನು, ಕೂರಿಸುತ್ತಿತ್ತು. ಅಂಥವರಿಗೆ ಆ ಚಾನ್ಸೆಲ್ ಮೇಲೆ ಎಷ್ಟು ಅಕ್ಕರೆ ಇದ್ದೀತು? ಮಳೆ ಸೋರದಿದ್ದರೆ ಸಾಕು.

ಊರವರ ಕಥೆಯೇ ಬೇರೆ. ಪಕ್ಕದೂರಿನ ಗೋಪುರ ನಮ್ಮದಕ್ಕಿಂತ ಎತ್ತರ ಅನ್ನೋ ಹೊಟ್ಟೆಕಿಚ್ಚು ಎಲ್ಲ ಕಾಲದಲ್ಲೂ ಇದ್ದದ್ದೇ. ಜೊತೆಗೆ, ಸತ್ತ ಮೇಲೆ ಆತ್ಮ ಶುದ್ಧಿಯಾಗಲು ಬದುಕಿರುವವರ ಪ್ರಾರ್ಥನೆ ಬೇಕು ಅಂತ ಅವರು ನಂಬಿದ್ದರು. ಹಾಗಾಗಿ ಉಯಿಲಿನಲ್ಲಿ ಚರ್ಚಿಗೆ ಇಷ್ಟು ಅಂತ ಬರೆದಿಡೋರು. ಬಿಯರ್ ಕುದಿಸಿ, ಊರಿಗೆಲ್ಲ ಮಾರಿ, ಬಂದ ಲಾಭವನ್ನು ಚರ್ಚಿಗೆ ಹಾಕೋದೂ ಇತ್ತು. ಇದಕ್ಕೆ ಚರ್ಚ್ ಏಲ್ ಅಂತಲೇ ಹೆಸರು. ಸಫಕ್‌ನ ಲಾಂಗ್ ಮೆಲ್ಫರ್ಡ್‌ನಲ್ಲಂತೂ ದಾನಿಗಳ ಹೆಸರನ್ನು ಚರ್ಚಿನ ಹೊರಗೋಡೆಯ ಉದ್ದಕ್ಕೂ ಕೆತ್ತಿಸಿದ್ದಾರೆ, ನಮಗಾಗಿ ಪ್ರಾರ್ಥಿಸಿ ಅನ್ನೋ ಕೋರಿಕೆಯ ಜೊತೆ.

ನಿಮ್ಮ ಪ್ರಶ್ನೆಗೆ ಸರಿಯಾದ ಉದಾಹರಣೆ ಬೇಕಿದ್ದರೆ ಅದೇ ಸಫಕ್‌ನ ಲ್ಯಾವನಮ್‌ಗೆ ಹೋಗಿ. ಚಾನ್ಸೆಲ್ 14ನೇ ಶತಮಾನದ್ದು, ಸಾಧಾರಣ ಗಾತ್ರ. 1480ರ ದಶಕದಿಂದ ಮುಂದೆ, ಬಟ್ಟೆ ವ್ಯಾಪಾರದಲ್ಲಿ ಊರಿಗೆ ದುಡ್ಡು ಹರಿದು ಬಂದಾಗ, ನೇವ್ ಮತ್ತು ಗೋಪುರವನ್ನು ಹೊಸದಾಗಿ ಕಟ್ಟಿದರು. ಆಕ್ಸ್‌ಫರ್ಡ್‌ನ ಅರ್ಲ್ ಅನ್ನೋ ಪದವಿಯ ಶ್ರೀಮಂತ ಜಾನ್ ಡಿ ವೇರ್ ಕೈಜೋಡಿಸಿದ. ಬಟ್ಟೆ ವ್ಯಾಪಾರಿ ಥಾಮಸ್ ಸ್ಪ್ರಿಂಗ್ 1523ರಲ್ಲಿ ಸಾಯುವಾಗ ಗೋಪುರ ಮುಗಿಸಲು 200 ಪೌಂಡ್ ಬಿಟ್ಟುಹೋದ. ಆ ಕಾಲಕ್ಕೆ ಅದು ಭಾರಿ ಮೊತ್ತ. ಗೋಪುರ 141 ಅಡಿ ಎತ್ತರ, ಅದರ ತುದಿಯಲ್ಲಿ ಸ್ಪ್ರಿಂಗ್ ಮನೆತನದ ಲಾಂಛನ ಒಂದಲ್ಲ, ಸಾಲುಸಾಲಾಗಿದೆ. ಹೊರಗೆ ನಿಂತು ಬದಿಯಿಂದ ನೋಡಿದರೆ ಚಾನ್ಸೆಲ್ ದೊಡ್ಡಣ್ಣನ ಪಕ್ಕ ನಿಂತ ಪುಟ್ಟ ತಮ್ಮನ ಹಾಗೆ ಕಾಣುತ್ತದೆ.

ಕಿಟಕಿ ಬೇರೆ ಥರ ಅಂದಿರಲ್ಲ, ಅದೂ ಇದೇ ಕಾರಣಕ್ಕೆ. ಎರಡೂ ಕಡೆ ದುಡ್ಡು ಬಂದ ಕಾಲ ಬೇರೆ. ಅರ್ಧ ಚಕ್ರದ ಹಾಗೆ ದುಂಡಗಿನ ಕಮಾನಿದ್ದರೆ ನಾರ್ಮನ್ ಶೈಲಿ, ಸುಮಾರು 1190ಕ್ಕೆ ಮುಂಚಿನದು. ಚೂಪು ತುದಿಯ ಸಪೂರ ಕಿಟಕಿ 13ನೇ ಶತಮಾನದ್ದು. ಕಿಟಕಿಯ ಮೇಲ್ಭಾಗದ ಕಲ್ಲು ಬಳ್ಳಿಯ ಹಾಗೆ ಬಳುಕಿದ್ದರೆ ಸುಮಾರು 1350ರ ಒಳಗಿನದು. ಕಲ್ಲಿನ ಕಡ್ಡಿಗಳು ಕೆಳಗಿನಿಂದ ಮೇಲಿನವರೆಗೆ ನೆಟ್ಟಗೆ ಹೋಗಿ, ಗೋಡೆಗಿಂತ ಗಾಜೇ ಜಾಸ್ತಿ ಅನಿಸಿದರೆ ಅದು ಪರ್ಪೆಂಡಿಕ್ಯುಲರ್ ಶೈಲಿ, ಅದಾದ ಮೇಲಿನದು. ಈ ಹೆಸರುಗಳನ್ನು ಕಟ್ಟಿದವರು ಇಟ್ಟದ್ದಲ್ಲ. ವಾಸ್ತುಶಿಲ್ಪಿ ಥಾಮಸ್ ರಿಕ್‌ಮನ್ 1817ರಲ್ಲಿ ವಿಂಗಡಿಸಿದ್ದು. ಒಂದು ಎಚ್ಚರಿಕೆ: ಹಳೇ ಗೋಡೆಗೆ ಹೊಸ ಕಿಟಕಿ ತೂರಿಸೋದು ಮಾಮೂಲಾಗಿತ್ತು. ಕಿಟಕಿಯ ವಯಸ್ಸೇ ಗೋಡೆಯ ವಯಸ್ಸು ಅಂತ ಸುಮ್ನೆ ನಂಬಬೇಡಿ.

ಹಳೇ ನೇವನ್ನು ಎತ್ತರಿಸಿದ್ದಕ್ಕೆ ಸಾಕ್ಷಿ ಬೇಕಾ? ಗೋಪುರದ ಪೂರ್ವದ ಗೋಡೆ, ಅಂದರೆ ನೇವ್ ಕಡೆಯ ಗೋಡೆ ನೋಡಿ. ಈಗಿನ ಮಾಡಿಗೂ ಅಲ್ಲಿನ ಕಲ್ಲಿಗೂ ಸಂಬಂಧವಿಲ್ಲದ ಹಾಗೆ, ತಲೆಕೆಳಗಾದ ವಿ ಆಕಾರದ ಗೆರೆ ಎಷ್ಟೋ ಕಡೆ ಸಿಗುತ್ತದೆ. ಹಿಂದೆ ಇದ್ದ ಕಡಿದಾದ ಮಾಡಿನ ಗುರುತು ಅದು. ಮಾಡು ಬಿಚ್ಚಿ, ಗೋಡೆ ಏರಿಸಿ, ಮೇಲೊಂದು ಸಾಲು ಕಿಟಕಿ ಇಟ್ಟು, ಚಪ್ಪಟೆ ಮಾಡು ಹೊದಿಸಿದರು.

ಉಲ್ಟಾ ಆದದ್ದೂ ಇದೆ. ಲಿಂಕನ್‌ಶೈರ್‌ನ ಹೆಕಿಂಗ್ಟನ್‌ನಲ್ಲಿ 14ನೇ ಶತಮಾನದ ಮೊದಲರ್ಧದಲ್ಲಿದ್ದ ಪಾದ್ರಿ ರಿಚರ್ಡ್ ಡಿ ಪೋಟ್ಸ್‌ಗ್ರೇವ್‌ಗೆ ಅರಮನೆಯ ನಂಟಿತ್ತು. ಅವನು ಕಟ್ಟಿಸಿದ ಚಾನ್ಸೆಲ್‌ನ ಕೆತ್ತನೆ ನೋಡೋಕೆ ಜನ ಈಗಲೂ ಹೋಗುತ್ತಾರೆ. ಜೇಬು ಯಾರದ್ದು ದಪ್ಪವೋ ಆ ಕಡೆ ಕಲ್ಲೂ ಚಂದ.

ನೇವ್ ಮತ್ತು ಚಾನ್ಸೆಲ್ ನಡುವೆ ಮರದ ತಡಿಕೆ, ಅದರ ಮೇಲೆ ಅಟ್ಟ, ಅಟ್ಟದ ಮೇಲೆ ಶಿಲುಬೆ ಇರುತ್ತಿದ್ದವು. 16ನೇ ಶತಮಾನದಲ್ಲಿ ಇಂಗ್ಲೆಂಡಿನ ಚರ್ಚ್ ರೋಮಿನ ಪೋಪ್‌ನಿಂದ ಬೇರೆಯಾದ ಧರ್ಮ ಸುಧಾರಣೆಯಲ್ಲಿ ಶಿಲುಬೆ ಹೋಯಿತು, 1561ರ ಆಜ್ಞೆಯಲ್ಲಿ ಅಟ್ಟವೂ ಹೋಯಿತು. ಗೋಡೆಯೊಳಗಿನ ಮೆಟ್ಟಿಲು ಮಾತ್ರ ಉಳಿದು, ಹತ್ತಿದರೆ ಗಾಳಿಗೆ ತೆರೆಯುವ ಬಾಗಿಲು ಇನ್ನೂ ಹಲವು ಕಡೆ ಇದೆ. ಅಲ್ಲೇ ಕಮಾನಿನ ಮೇಲೆ ಅಂತಿಮ ತೀರ್ಪಿನ, ಅಂದರೆ ಲೋಕದ ಕೊನೆಗೆ ದೇವರು ಎಲ್ಲರಿಗೂ ಕೊಡುವ ತೀರ್ಪಿನ, ಚಿತ್ರ ಇರುತ್ತಿತ್ತು, ಅದಕ್ಕೂ ಸುಣ್ಣ ಬಳಿದರು. ಸಫಕ್‌ನ ವೆನ್‌ಹ್ಯಾಸ್ಟನ್‌ನಲ್ಲಿ 1892ರಲ್ಲಿ ರಿಪೇರಿ ಮಾಡುವಾಗ ಸುಣ್ಣ ಹೊಡೆದ ಹಲಗೆಗಳನ್ನು ಬೇಡವೆಂದು ಅಂಗಳಕ್ಕೆ ಎಸೆದಿದ್ದರು. ರಾತ್ರಿ ಮಳೆ ಬಂತು, ಸುಣ್ಣ ತೊಳೆದುಹೋಗಿ ಚಿತ್ರ ಕಾಣಿಸಿತು.

ಇದೆಲ್ಲ ಮುಗಿದ ಕಥೆ ಅಂದುಕೊಳ್ಳಬೇಡಿ. ಮಠಗಳನ್ನು ರಾಜ ಎಂಟನೇ ಹೆನ್ರಿ ಮುಚ್ಚಿಸಿದಾಗ ಅವುಗಳ ಹಕ್ಕು, ಜಮೀನು ಖಾಸಗಿಯವರ ಕೈಗೆ ಬಂದವು, ಚಾನ್ಸೆಲ್ ರಿಪೇರಿಯ ಹೊಣೆಯೂ ಹಿಂದೆಯೇ ಬಂತು. ವಾರ್ವಿಕ್‌ಶೈರ್‌ನ ಆಸ್ಟನ್ ಕ್ಯಾಂಟ್ಲೋ ಊರಲ್ಲಿ ಒಂದು ಫಾರ್ಮ್ ಹೊಂದಿದ್ದ ದಂಪತಿಗೆ ಚರ್ಚಿನ ಕಡೆಯಿಂದ ರಿಪೇರಿ ಬಿಲ್ ಬಂತು. ಕೋರ್ಟಿಗೆ ಹೋದರು. 2003ರಲ್ಲಿ, ಆಗ ಅತಿ ಮೇಲಿನ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಸೋತರು. ಕೊನೆಗೆ ಒಂದೂವರೆ ಲಕ್ಷ ಪೌಂಡ್‌ಗಿಂತ ಜಾಸ್ತಿ ಅವರ ತಲೆಗೆ ಕಟ್ಟಿತು, ವಕೀಲರ ಖರ್ಚು ಬೇರೆ. 2013ರ ಅಕ್ಟೋಬರ್ 13ರಿಂದ ನಿಯಮ ಬಿಗಿಯಾಗಿದೆ. ಆಮೇಲೆ ಜಾಗ ಕೊಂಡವರ ಮೇಲೆ, ಮೊದಲೇ ನೋಂದಣಿ ಆಗಿರದಿದ್ದರೆ, ಸಾಮಾನ್ಯವಾಗಿ ಈ ಹೊಣೆ ಹೇರುವಂತಿಲ್ಲ. ಆದರೂ ಅಲ್ಲಿ ಮನೆ ಕೊಳ್ಳುವಾಗ ವಕೀಲರ ಬಿಲ್ಲಿನಲ್ಲಿ ಚಾನ್ಸೆಲ್ ಸರ್ಚ್ ಅಂತ ಒಂದಿಷ್ಟು ಪೌಂಡ್ ಕಂಡರೆ ಗಾಬರಿಯಾಗಬೇಡಿ, ಅದು ಈ ಹಳೇ ಲೆಕ್ಕವೇ.