ಗೋಡೆಯ ಬುಡದ ಬಿಸಿ

ಚಳಿ ಪ್ರದೇಶದ ಮನೆಗಳಲ್ಲಿ ಕಿಟಕಿಯ ಕೆಳಗೆ, ಗೋಡೆಯ ಬುಡಕ್ಕೆ ಅಂಟಿಕೊಂಡಂತೆ, ಗೇಣೆತ್ತರದ ಉದ್ದನೆಯ ತಗಡಿನ ಪೆಟ್ಟಿಗೆಯೊಂದು ಇರುತ್ತದೆ. ಅದೇ ವಿದ್ಯುತ್ ಬೇಸ್‌ಬೋರ್ಡ್ ಹೀಟರ್. ಸಂಪರ್ಕ ತಪ್ಪಿಸಿ, ಆರಿದ ಮೇಲೆ ಅದರ ಮುಂಬದಿಯ ತಗಡನ್ನು ತೆಗೆದರೆ ಕಾಣುವುದು ಬೆರಳುಗಾತ್ರದ ಒಂದು ಕೊಳವೆ ಮತ್ತು ಅದಕ್ಕೆ ಪುಸ್ತಕದ ಹಾಳೆಗಳಂತೆ ಒತ್ತೊತ್ತಾಗಿ ಪೋಣಿಸಿದ ಅಲ್ಯೂಮಿನಿಯಂ ತಗಡುಗಳು. ಕೊಳವೆಯೊಳಗೆ ನಿಕಲ್ ಮತ್ತು ಕ್ರೋಮಿಯಂ ಬೆರೆಸಿದ ನೈಕ್ರೋಮ್ ತಂತಿಯ ಸುರುಳಿಯಿದ್ದು, ಅದರ ಸುತ್ತ ಮೆಗ್ನೀಸಿಯಂ ಆಕ್ಸೈಡ್ ಪುಡಿಯನ್ನು ಗಿಡಿದಿರುತ್ತಾರೆ. ಈ ಪುಡಿ ವಿದ್ಯುತ್ತನ್ನು ತಡೆದು, ಶಾಖವನ್ನು ಮಾತ್ರ ಹೊರಗೆ ದಾಟಿಸುತ್ತದೆ.

ಇದರಲ್ಲಿ ಫ್ಯಾನ್ ಇಲ್ಲ. ಬಿಸಿಯಾದ ಗಾಳಿ ಹಗುರಾಗಿ ಮೇಲಿನ ಸಂದಿಯಿಂದ ಏರುತ್ತದೆ, ಆ ಜಾಗಕ್ಕೆ ನೆಲಮಟ್ಟದ ತಣ್ಣನೆಯ ಗಾಳಿ ಕೆಳಗಿನಿಂದ ನುಗ್ಗುತ್ತದೆ. ಕಿಟಕಿಯ ಕೆಳಗೇ ಇಡುವುದಕ್ಕೂ ಕಾರಣವಿದೆ. ತಣ್ಣನೆಯ ಗಾಜನ್ನು ಮುಟ್ಟಿದ ಗಾಳಿ ಭಾರವಾಗಿ ಕೆಳಗಿಳಿದು ನೆಲದ ಮೇಲೆ ಹರಡುವುದರಿಂದ, ಕೋಣೆ ಬೆಚ್ಚಗಿದ್ದರೂ ಪಾದಗಳು ಮರಗಟ್ಟುತ್ತವೆ. ಹೀಟರಿನಿಂದ ಏಳುವ ಬಿಸಿಗಾಳಿ ಹೀಗೆ ಇಳಿಯುವ ತಣ್ಣನೆಯ ಗಾಳಿಯನ್ನು ಅಲ್ಲಿಯೇ ಅಡ್ಡಗಟ್ಟುತ್ತದೆ.

ಕೊಳ್ಳುವಾಗ ‘ಹೆಚ್ಚು ದಕ್ಷ’ ಎಂಬ ಮಾತಿಗೆ ಮರುಳಾಗಬೇಕಿಲ್ಲ. ತಂತಿಯೊಳಗೆ ಹೋದ ವಿದ್ಯುತ್ತೆಲ್ಲ ಶಾಖವಾಗಿಯೇ ತೀರುವುದರಿಂದ 1000 ವ್ಯಾಟಿನ ಅಗ್ಗದ ಹೀಟರೂ ದುಬಾರಿ ಹೀಟರೂ ಕೋಣೆಗೆ ಕೊಡುವುದು ಅದೇ 1000 ವ್ಯಾಟ್ ಶಾಖ. ಒಳಗೆ ದ್ರವ ತುಂಬಿದ ಮಾದರಿ ನಿಧಾನವಾಗಿ ಕಾದು ನಿಧಾನವಾಗಿ ಆರುತ್ತದೆ, ಹಾಗಾಗಿ ಕೋಣೆಯ ಬಿಸಿ ಕಡಿಮೆ ಏರಿಳಿಯುತ್ತದೆ. ಆ ಹಿತಕ್ಕೆ ಹೆಚ್ಚು ಹಣ ಕೊಡಬಹುದೇ ಹೊರತು ಉಳಿತಾಯದ ಆಸೆಗಲ್ಲ. ನಿಜವಾಗಿ ಬಿಲ್ ಇಳಿಸಬಲ್ಲದ್ದು ಹೀಟ್ ಪಂಪ್. ಅದು ಶಾಖವನ್ನು ಹುಟ್ಟಿಸದೆ ಹೊರಗಿನ ಗಾಳಿಯಿಂದ ಎಳೆದು ತರುವುದರಿಂದ, ತೀವ್ರ ಚಳಿಯಿಲ್ಲದಾಗ ಒಂದು ಯೂನಿಟ್ಟಿಗೆ ಎರಡು–ಮೂರು ಯೂನಿಟ್ಟಿನಷ್ಟು ಶಾಖ ಕೊಡುತ್ತದೆ. ಚಳಿಗಾಲವಿಡೀ ಇಡೀ ಮನೆ ಕಾಯಿಸುವವರು ಮೊದಲು ಅದನ್ನು ಯೋಚಿಸುವುದು ಲೇಸು. ಆಗೊಮ್ಮೆ ಈಗೊಮ್ಮೆ ಬಳಸುವ ಒಂದು ಕೋಣೆಗೆ ಬೇಸ್‌ಬೋರ್ಡ್ ಸಾಕು.

ಸಾಧಾರಣ ಉಷ್ಣನಿರೋಧಕ ಇರುವ ಕೋಣೆಗೆ ಚದರ ಮೀಟರಿಗೆ ಸುಮಾರು 100 ವ್ಯಾಟ್ ಎಂಬುದು ರೂಢಿಯ ಲೆಕ್ಕ. 12 ಚದರ ಮೀಟರಿನ ಕೋಣೆಗೆ ಹೀಗೆ 1200 ವ್ಯಾಟ್ ಬೇಕು. ಕಿಟಕಿಗಳು ದೊಡ್ಡದಾಗಿದ್ದರೆ, ಚಾವಣಿ ಎತ್ತರವಾಗಿದ್ದರೆ ಇನ್ನಷ್ಟು. ವೋಲ್ಟೇಜಿನ ವಿಷಯದಲ್ಲಿ ಮಾತ್ರ ಅಂದಾಜು ನಡೆಯದು. ಶಕ್ತಿಯು ವೋಲ್ಟೇಜಿನ ವರ್ಗಕ್ಕೆ, ಅಂದರೆ ವೋಲ್ಟೇಜನ್ನು ಅದರಿಂದಲೇ ಗುಣಿಸಿದ ಮೊತ್ತಕ್ಕೆ, ತಕ್ಕಂತೆ ಬದಲಾಗುವುದರಿಂದ 240 ವೋಲ್ಟಿನ ಹೀಟರನ್ನು 120 ವೋಲ್ಟಿಗೆ ಜೋಡಿಸಿದರೆ ಸಿಗುವುದು ಕಾಲುಭಾಗ ಶಾಖ. ತಿರುಗುಮುರುಗಾದರೆ ನಾಲ್ಕು ಪಟ್ಟು ಶಕ್ತಿ ಹರಿದು ಬೆಂಕಿಗೆ ದಾರಿಯಾಗಬಹುದು. ಗಂಟೆಗಟ್ಟಲೆ ಉರಿಯುವ ಇಂಥ ಉಪಕರಣಕ್ಕೆ ಸರ್ಕ್ಯೂಟಿನ ಸಾಮರ್ಥ್ಯದ 80 ಪ್ರತಿಶತ ಮೀರದಂತೆ ಎಲೆಕ್ಟ್ರಿಷಿಯನ್‌ಗಳು ನೋಡಿಕೊಳ್ಳುವುದು ಇದೇ ಭಯದಿಂದ.

ಥರ್ಮೋಸ್ಟಾಟ್ ಎಂದರೆ ಕೋಣೆಯ ಬಿಸಿ ನೋಡಿ ಹೀಟರನ್ನು ಹೊತ್ತಿಸುವ, ಆರಿಸುವ ಸ್ವಿಚ್ಚು. ಹೀಟರಿನಲ್ಲೇ ಕೂರಿಸಿದ್ದಾದರೆ ಅದು ತನ್ನ ಪಕ್ಕದ ಬಿಸಿಯಿಂದಲೇ ಮೋಸಹೋಗುವ ಸಂಭವವಿದೆ. ಒಳಗೋಡೆಯ ಮೇಲೆ, ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುವುದು ಕೋಣೆಯ ನಿಜಸ್ಥಿತಿಯನ್ನು ಅರಿಯುತ್ತದೆ. ಬೇಗ ಬೆಚ್ಚಗಾಗಲೆಂದು 20 ಡಿಗ್ರಿಯ ಬದಲು 30ಕ್ಕೆ ತಿರುಗಿಸುವವರು ಬಹಳ ಮಂದಿ, ನಾನೂ ಅವರಲ್ಲೊಬ್ಬನಾಗಿದ್ದೆ. ಸಾಮಾನ್ಯ ಹೀಟರು ಎರಡೂ ಸಂದರ್ಭದಲ್ಲಿ ಕೊಡುವುದು ಅಷ್ಟೇ ವ್ಯಾಟ್. 20 ದಾಟಿದ ಮೇಲೂ ಉರಿಯುತ್ತಲೇ ಇರುತ್ತದೆ ಎಂಬುದೊಂದೇ ವ್ಯತ್ಯಾಸ.

ಪರದೆಯೋ ಸೋಫಾವೋ ಹೀಟರಿಗೆ ಒತ್ತಿಕೊಂಡಿದ್ದರೆ ಗಾಳಿ ಕಟ್ಟಿಹೋಗಿ ತಗಡು ಅತಿಯಾಗಿ ಕಾಯುತ್ತದೆ. ಸಾಮಾನ್ಯವಾಗಿ ಒಳಗಿರುವ ಸುರಕ್ಷಾ ಸ್ವಿಚ್ಚು ಆಗ ವಿದ್ಯುತ್ತನ್ನು ಕಡಿದುಹಾಕುತ್ತದೆ; ಹೀಟರು ಪದೇ ಪದೇ ತಾನಾಗಿ ನಿಲ್ಲುತ್ತಿದ್ದರೆ ಮೊದಲು ನೋಡಬೇಕಾದದ್ದು ಅದರ ಮುಂದೆ ಏನಿದೆ ಎಂಬುದನ್ನು. ಚಳಿಗಾಲದ ಮೊದಲ ದಿನ ಬರುವ ಸುಟ್ಟ ವಾಸನೆ ಬಹುಪಾಲು ಬೇಸಿಗೆಯಲ್ಲಿ ತಗಡುಗಳ ನಡುವೆ ಕೂತ ಧೂಳಿನದು, ಮುಂಚೆಯೇ ವ್ಯಾಕ್ಯೂಮ್ ಕ್ಲೀನರಿನಿಂದ ಎಳೆದು ತೆಗೆದರೆ ಬರುವುದಿಲ್ಲ. ರಾತ್ರಿ ಕೇಳುವ ಟಿಕ್ ಟಿಕ್ ಸದ್ದಿಗೂ ಹೆದರಬೇಕಾಗಿಲ್ಲ: ಕಾದು ಹಿಗ್ಗಿದ ಲೋಹ ತನ್ನ ಆಧಾರದ ಮೇಲೆ ಕೂದಲೆಳೆಯಷ್ಟು ಜರುಗುತ್ತಿರುತ್ತದೆ.