ಖಾಲಿ ಕಾಣುವ ಬಯಲಿನಲ್ಲಿ ಪ್ರಾಣಿ ಎಣಿಸೋದು ಹೇಗೆ?

ಓದುಗರ ಪ್ರಶ್ನೆ: ಅಮೆರಿಕದ ನೆವಾಡಾದಲ್ಲಿ ಥ್ಯಾಕರ್ ಪಾಸ್ ಅನ್ನೋ ಕಡೆ ಲಿಥಿಯಂ ಗಣಿ ಬರ್ತಿದೆಯಲ್ಲ, ಅದರ ಫೋಟೊ ನೋಡಿದೆ. ಕುರುಚಲು ಪೊದೆ ಬಿಟ್ಟರೆ ಒಂದು ಮರವೂ ಇಲ್ಲ. ಅಲ್ಲಿ ವನ್ಯಜೀವಿ ಸರ್ವೆ ಅಂತ ಏನು ಎಣಿಸುತ್ತಾರೆ? ಒಂದು ವಾರ ಸುತ್ತಾಡಿದರೆ ಸಾಲದಾ?

ಸಾಲದು. ಮಧ್ಯಾಹ್ನದ ಬಿಸಿಲಲ್ಲಿ ಹೋದವರಿಗೆ ಆ ಬಯಲು ಖಾಲಿಯೇ ಕಾಣುತ್ತದೆ. ಅಲ್ಲಿನ ಒಂದೊಂದು ಜೀವವೂ ಕಣ್ಣಿಗೆ ಬೀಳುವ ಹೊತ್ತು ಬೇರೆ, ಕಾಲ ಬೇರೆ.

ಆ ಕುರುಚಲು ಪೊದೆಯ ಹೆಸರು ಸೇಜ್‌ಬ್ರಷ್. ನಮ್ಮ ಹೂವಿನ ಮಾಲೆಯ ದವನ ಗೊತ್ತಲ್ವಾ? ಎರಡೂ ಒಂದೇ ಕುಲದ ಗಿಡಗಳು. ಎಲೆ ಉಜ್ಜಿದರೆ ಇದೂ ಘಾಟಾಗಿ ಘಮ್ಮೆನ್ನುತ್ತದೆ. ಚಳಿಗಾಲದಲ್ಲಿ ಹಿಮ ಬಿದ್ದಾಗ ಸೇಜ್ ಗ್ರೌಸ್ ಎಂಬ ಕೋಳಿ ಜಾತಿಯ ಹಕ್ಕಿ ಹೆಚ್ಚುಕಡಿಮೆ ಈ ಎಲೆ ತಿಂದೇ ಬದುಕುತ್ತದೆ.

ಈ ಹಕ್ಕಿಯನ್ನು ಎಣಿಸೋದು ವಸಂತದಲ್ಲಿ, ಮಾರ್ಚ್‌ನಿಂದ ಮೇ ತಿಂಗಳೊಳಗೆ. ಗಂಡುಗಳು ವರ್ಷ ವರ್ಷವೂ ಅದೇ ಬಯಲಿಗೆ ಕುಣಿಯೋಕೆ ಬರುತ್ತವೆ. ಆ ಜಾಗಕ್ಕೆ ಲೆಕ್ ಅಂತಾರೆ, ನಮ್ಮ ಕಣ ಇದ್ದ ಹಾಗೆ. ಎಣಿಸುವವರು ಕತ್ತಲಲ್ಲೇ ಹೋಗಿ, ದೂರದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಕೂರುತ್ತಾರೆ. ಸೂರ್ಯ ಹುಟ್ಟೋಕೆ ಅರ್ಧ ಗಂಟೆ ಇರುವಾಗ ಎಣಿಕೆ ಶುರು. ಗಂಡು ಹಕ್ಕಿ ಬಾಲದ ಮೊನಚು ಗರಿಗಳನ್ನು ಬೀಸಣಿಗೆಯಂತೆ ಬಿಚ್ಚಿ, ಎದೆಯ ಮೇಲಿನ ಎರಡು ಹಳದಿ ಚೀಲಗಳನ್ನು ಉಬ್ಬಿಸುತ್ತದೆ. ಬುಳಕ್ ಬುಳಕ್ ಅಂತ ಸದ್ದು. ಒಂದು ಸಲ ಎಣಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಣಿಸುತ್ತಾರೆ. ಬಿಸಿಲೇರಿದರೆ ಕಣ ಬರಿದು. ನಡುವೆ ಹದ್ದೊಂದು ಹಾದುಹೋದರೂ ಎಲ್ಲವೂ ಪುರ್ರೆಂದು ಹಾರಿಬಿಡುತ್ತವೆ. ಹಾಗಾಗಿಯೇ ಒಂದು ಋತುವಿನಲ್ಲಿ ಕಡೇಪಕ್ಷ ಮೂರು ಸಲವಾದರೂ ಹೋಗಬೇಕು. ಸಿಕ್ಕ ಅತಿ ಜಾಸ್ತಿ ಸಂಖ್ಯೆಯೇ ಆ ವರ್ಷದ ಲೆಕ್ಕ.

ಗಣಿಯ ಬೇಲಿಯೊಳಗೆ ಮಾತ್ರ ನೋಡಿದರೂ ಆಗದು. ಹೆಣ್ಣುಗಳು ಕಣದಿಂದ ಎಷ್ಟೋ ಕಿಲೋಮೀಟರ್ ದೂರ ಹೋಗಿ ಪೊದೆಯಡಿ ಮೊಟ್ಟೆ ಇಡುತ್ತವೆ. ಲಾರಿಗಳ ಸದ್ದು ಅಲ್ಲಿಗೂ ಮುಟ್ಟುತ್ತದೆ.

ಇನ್ನು ಪಿಗ್ಮಿ ಮೊಲ. ತೂಕ ಅರ್ಧ ಕಿಲೋದ ಆಸುಪಾಸು. ಅದು ಕಾಣಲಿ ಅಂತ ಯಾರೂ ಕಾದು ಕೂರುವುದಿಲ್ಲ. ಎತ್ತರದ, ದಟ್ಟ ಪೊದೆಗಳ ಬುಡದಲ್ಲಿ ಬಗ್ಗಿ ಬಿಲ ಹುಡುಕುತ್ತಾರೆ. ಬಿಲದ ಬಾಯಿಗೆ ಜೇಡ ಬಲೆ ಕಟ್ಟಿದ್ದರೆ ಈಚೆಗೆ ಯಾರೂ ಓಡಾಡಿಲ್ಲ ಅಂತ ಅರ್ಥ. ಬಟಾಣಿಗಿಂತ ಚಿಕ್ಕ, ಗುಂಡಗಿನ ಹಿಕ್ಕೆ ಹೊಸದಾಗಿ ಬಿದ್ದಿದ್ದರೆ ಮೊಲ ಅಲ್ಲೇ ಇದೆ. ಹಿಮದ ಮೇಲಿನ ಹೆಜ್ಜೆ ನೋಡೋಕೆ ಚಳಿಗಾಲದಲ್ಲಿ ಮತ್ತೆ ಬರಬೇಕು.

ಬಂಡೆಯ ಮೇಲಿನ ಗೋಲ್ಡನ್ ಈಗಲ್ ಗೂಡುಗಳನ್ನು ಹೆಲಿಕಾಪ್ಟರ್‌ನಿಂದ ನೋಡುತ್ತಾರೆ. ಬಾವಲಿಗಳಿಗೆ ರಾತ್ರಿಯಿಡೀ ಸದ್ದು ಹಿಡಿಯುವ ಯಂತ್ರ ಇಡುತ್ತಾರೆ. ಥ್ಯಾಕರ್ ಪಾಸ್ ಸುತ್ತಲಿನ ಚಿಲುಮೆಗಳಲ್ಲಿ ಸಾಸಿವೆಯಷ್ಟು ಚಿಕ್ಕ ಬಸವನಹುಳು ಒಂದಿದೆ, ಕಿಂಗ್ಸ್ ರಿವರ್ ಪಿರ್ಗ್. ಅಂತರ್ಜಲ ಇಳಿದು ಚಿಲುಮೆ ಬತ್ತಿದರೆ ಅದಕ್ಕೆ ಬೇರೆ ಊರಿಲ್ಲ.

ಇಲ್ಲಿ ಕ್ಷೇತ್ರ ಸರ್ವೆಗಳು ಮೊದಲೇ ಶುರುವಾಗಿದ್ದವು. ಆದರೆ ಸರ್ಕಾರದ ಪರಿಸರ ಪರಿಶೀಲನೆ 2020ರ ಜನವರಿಯಲ್ಲಿ ಆರಂಭವಾಗಿ, 2021ರ ಜನವರಿ 15ಕ್ಕೆ ಒಪ್ಪಿಗೆಯೇ ಸಿಕ್ಕಿಬಿಟ್ಟಿತು. ಒಂದು ವರ್ಷವೂ ತುಂಬಿರಲಿಲ್ಲ. ನನಗೆ ಇದು ತೀರಾ ಅವಸರ ಅನ್ನಿಸುತ್ತದೆ. 2023ರಲ್ಲಿ ಕೆಲಸ ಶುರುವಾಯಿತು. ಮಣ್ಣು ತಿರುವಿದ ಮೇಲೆ ಹಳೇ ಲೆಕ್ಕವನ್ನು ಮತ್ತೆ ಪರೀಕ್ಷೆ ಮಾಡೋಕಾಗಲ್ಲ.

ಗಣಿಯ ಸರ್ವೆ ವರದಿ ಸಿಕ್ಕರೆ ನಾನು ಮೊದಲು ನೋಡೋದು ತಾರೀಖುಗಳನ್ನು. ವಸಂತದ ಒಂದು ಬೆಳಗಿನ ಜಾವವೂ ಅದರಲ್ಲಿ ಇಲ್ಲದೆ 'ಸೇಜ್ ಗ್ರೌಸ್ ಕಂಡುಬಂದಿಲ್ಲ' ಅಂತ ಬರೆದಿದ್ದರೆ, ಆ ಸಾಲನ್ನು ನಂಬುವುದಿಲ್ಲ.